ಗೋಪಿಚಂದನದ ದೆವ್ವ

ಸುಶಮೀಂದ್ರ ದೆವ್ವವಾಗಲು ತೀರ್ಮಾನಿಸಿದ್ದು ಗುರುವಾರ ಸಂಜೆ, ಸ್ಟಾಫ್ ರೂಮಿನಲ್ಲಿ ಕೇಳಿದ ಒಂದೇ ಒಂದು ಮಾತಿನಿಂದ.

ಅವನು ರಾಯಚೂರಿನ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಗಣಿತ ಹೇಳುವ ಮಾಸ್ತರ. ಆ ಶಾಲೆಯಲ್ಲಿ ಈ ವರ್ಷ ಹೊಸದಾಗಿ ಹ್ಯಾಲೋವೀನ್ ಶುರುವಾಗಿತ್ತು. ಮಕ್ಕಳಷ್ಟೇ ಅಲ್ಲ, ಮಾಸ್ತರರೂ ಶುಕ್ರವಾರ ಅಂಜಿಕೆ ಹುಟ್ಟಿಸುವ ವೇಷದಲ್ಲಿ ಬರಬೇಕೆಂದು ಪ್ರಿನ್ಸಿಪಾಲ್ ವಿಜಯಲಕ್ಷ್ಮಿ ಮೇಡಂ ನೋಟೀಸು ಓದಿದರು. ಓದಿ ಮುಗಿಸಿ, ಕನ್ನಡಕದ ಮೇಲಿಂದ ಅವನನ್ನು ನೋಡಿ, "ಸುಶಮೀಂದ್ರ ಸರ್, ನೀವು ತ್ರಾಸ ತಗೋಬ್ಯಾಡ್ರಿ. ನೀವು ಏನ್ ಹಾಕ್ಕೊಂಡು ಬಂದ್ರೂ ಯಾರೂ ಅಂಜೂದಿಲ್ಲ" ಅಂದರು.

ಎಲ್ಲರೂ ನಕ್ಕರು. ಸುಶಮೀಂದ್ರನೂ ನಕ್ಕ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಮಲಗುವವರೆಗೂ ಕಾಡಿತು. ಯಾಕೆಂದರೆ ಅದು ನಿಜ. ಅವನು ಕ್ಲಾಸಿನಲ್ಲಿ "ಸುಮ್ಮನಿರ್ರಿ" ಅಂದರೆ, ಹಿಂದಿನ ಬೆಂಚಿನವರು "ಏನಂದ್ರಿ ಸರ್, ಕೇಳಲಿಲ್ಲ" ಎಂದು ಗದ್ದಲದ ನಡುವೆಯೇ ಕೇಳುತ್ತಿದ್ದರು.

ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿದವನೇ ಹೆಂಡತಿಯ ಎದುರು ಕೂತ.

"ವೇದಶ್ರೀ, ನನ್ನ ನೋಡಿದ್ರ ಮಂದಿ ಚೀರಬೇಕು. ಹಂಗ ಏನರ ಮಾಡು."

ವೇದಶ್ರೀ ಬಿಳಿ ಸೀರೆ ಹುಡುಕಲು ಎದುರು ಮನೆಯ ನೀಲಗಂಗಮ್ಮನ ಹತ್ತಿರ ಹೋದಳು. ಅಷ್ಟೇ ಸಾಕಾಯಿತು. ಹತ್ತು ನಿಮಿಷದಲ್ಲಿ ಓಣಿ ಅವನ ಪಡಸಾಲೆಯಲ್ಲಿತ್ತು. ನೀಲಗಂಗಮ್ಮ ಸೀರೆಯ ಜೊತೆಗೆ ತನ್ನ ಕಾಲದ ಉದ್ದನೆಯ ಚವರಿ ಕೂದಲನ್ನೂ ತಂದಿದ್ದಳು. ರೈಸ್ ಮಿಲ್ಲಿನ ಉದಯಕುಮಾರ ಒಂದು ಚೀಲ ಹೊಟ್ಟಿನ ಬೂದಿ ಕಳಿಸಿ, ಹಿಂದೆಯೇ ತಾನೂ ಬಂದ. ಮೂಲೆಯ ಮನೆಯ ಮಿನಾಜ್ ಬ್ಯೂಟಿ ಪಾರ್ಲರ್ ನಡೆಸುವವಳು. ಪೆಟ್ಟಿಗೆ ಹಿಡಿದುಕೊಂಡೇ ಬಂದು, "ಸರ್, ಕಣ್ಣು ಮುಚ್ರಿ" ಅಂದಳು.

ಅರ್ಧ ತಾಸಿನ ಮೇಲೆ ಕಣ್ಣು ತೆರೆದು ಕನ್ನಡಿ ನೋಡಿದರೆ ಒಳಗೆ ಲಕ್ಷಣವಾದ ಮದುಮಗಳೊಬ್ಬಳು ನಾಚಿಕೊಂಡು ಕೂತಿದ್ದಳು.

"ಮಾಫ್ ಮಾಡ್ರಿ ಸರ್" ಎಂದಳು ಮಿನಾಜ್. "ಇದು ಲಗ್ನದ ಸೀಸನ್ ನೋಡ್ರಿ. ಕೈ ತಂತಾನ ಆ ಕಡೆ ಹೋಗಿಬಿಡ್ತದ."

ಎಲ್ಲ ಒರೆಸಿ ಮತ್ತೆ ಶುರು. ಮುಖಕ್ಕೆ ಬೂದಿ, ಕಣ್ಣಿನ ಸುತ್ತ ಕಪ್ಪು, ತುಟಿಯ ಅಂಚಿನಿಂದ ಗದ್ದದವರೆಗೆ ಕೆಂಪು ಬಣ್ಣ. ಕೊಬ್ಬರಿಯನ್ನು ಸೀಳಿ ಎರಡು ಕೋರೆಹಲ್ಲು. ಈಗ ನಿಜವಾಗಿಯೂ ಭೀಕರವಾಗಿ ಕಾಣತೊಡಗಿದ. ಅಷ್ಟರಲ್ಲಿ ದೇವರ ಮನೆಯಿಂದ ತಾಯಿ ಸತ್ಯಭಾಮಾಬಾಯಿ ಬಂದರು.

"ಹಣಿ ಮ್ಯಾಲಿನ ಗೋಪಿಚಂದನ ಎಲ್ಲಿ ಹೋತು?"

"ಅಮ್ಮಾ, ನಾನು ದೆವ್ವ."

"ಏನರ ಆಗು. ಬರೀ ಹಣಿಯಿಂದ ಮನಿ ದಾಟಬ್ಯಾಡ."

ದೆವ್ವದ ಹಣೆಯ ಮೇಲೆ ಗೋಪಿಚಂದನದ ನಾಮ ಬಂತು. ಆ ಬೂದಿಗೆ ಅದು ಇನ್ನೂ ಎದ್ದು ಕಾಣುತ್ತದೆ ಎಂದು ಉದಯಕುಮಾರ ಸಮಾಧಾನ ಹೇಳಿದ.

ಸೀರೆ ಉಟ್ಟು ಸ್ಕೂಟರ್ ಏರುವಂತಿರಲಿಲ್ಲ. ಉರುಕುಂದಪ್ಪನ ಆಟೋ ಸಿಕ್ಕಿತು. ಸುಶಮೀಂದ್ರ ಬೇಕೆಂದೇ ಒಮ್ಮೆಲೆ ಅವನ ಮುಖದ ಹತ್ತಿರ ಬಗ್ಗಿ ಹಲ್ಲು ತೋರಿಸಿದ.

ಉರುಕುಂದಪ್ಪ ಶಾಂತವಾಗಿ, "ಹಗಲುವೇಷದವ್ರೇನ್ರಿ? ಇವತ್ತ ಯಾವ ಕಡೆ ಆಟ?" ಎಂದು ಕೇಳಿದ.

ತೀನ್ ಕಂದೀಲ್ ಸರ್ಕಲ್ ಹತ್ತಿರ ಆಟೋ ನಿಂತಾಗ ಹೂವು ಮಾರುವ ಮಹಾಂತಮ್ಮ ಒಳಗೆ ಇಣುಕಿದಳು. ಇವಳಾದರೂ ಚೀರಿಯಾಳು ಎಂದು ಸುಶಮೀಂದ್ರ ಕಣ್ಣು ಅಗಲ ಮಾಡಿದ. ಆಕೆ ದೇವಿಯೇ ಬಂದಳೆಂದು ಕೈ ಮುಗಿದು, ಕನಕಾಂಬರದ ಮಾಲೆಯೊಂದನ್ನು ಅವನ ಕೊರಳಿಗೆ ಹಾಕಿ, "ಯವ್ವಾ, ನನ್ನ ಮಗಳಿಗೆ ಸುಸೂತ್ರ ಹೆರಿಗಿ ಆಗಲಿ" ಅಂದಳು. ನಾನು ಅಂಥವಳಲ್ಲ ಎಂದು ಹೇಳಲು ಬಾಯಿ ತೆರೆದವನಿಗೆ ಆಕೆಯ ಮುಖ ನೋಡಿ ಮನಸ್ಸು ಬರಲಿಲ್ಲ. "ಆಗ್ತದವಾ" ಎಂದ. ಹಾಗೆ ಅನ್ನುವಾಗ ಒಂದು ಕೋರೆಹಲ್ಲು ಜಾರಿ ಗಂಟಲಿಗಿಳಿಯಿತು.

ಎಂಟನೇ ಕ್ಲಾಸಿನ ಬಾಗಿಲಿಗೆ ಬರುವಷ್ಟರಲ್ಲಿ ಬೆವರಿಗೆ ಬೂದಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಕೂದಲನ್ನು ಮುಖದ ಮೇಲೆ ಇಳಿಬಿಟ್ಟುಕೊಂಡು, ಉಗುರು ಚಾಚಿ, ಒಮ್ಮೆಗೇ ಒಳಗೆ ನುಗ್ಗಿ ಅರಚಬೇಕು ಎಂದುಕೊಂಡ. ಆದರೆ ಬಾಗಿಲು ಹಾಕಿತ್ತು. ರೂಢಿಯಂತೆ ಎರಡು ಸಲ ಮೆಲ್ಲಗೆ ಬಡಿದು ಒಳಗೆ ಹೋದ.

"ಗುಡ್ ಮಾರ್ನಿಂಗ್ ಸರ್" ಎಂದು ಇಡೀ ಕ್ಲಾಸು ಎದ್ದು ನಿಂತಿತು.

"ನಾನಂತ ಹೆಂಗ ಗೊತ್ತಾತು?"

"ಬಾಗಲಾ ಬಡದು ಬರೋರು ನೀವೊಬ್ರೇ ಅಲ್ರಿ ಸರ್" ಎಂದಳು ಮುಂದಿನ ಬೆಂಚಿನ ಮಾನ್ಯಾ. ಆಮೇಲೆ ದನಿ ತಗ್ಗಿಸಿ, "ಸರ್, ನಿಮ್ಮ ಸೆರಗು ಬಿದ್ದದ" ಎಂದು ಎತ್ತಿ ಕೊಟ್ಟಳು. ಎರಡು ನಿಮಿಷದಲ್ಲಿ ಎಂದಿನ ಗದ್ದಲ ಶುರುವಾಯಿತು.

ಊಟದ ಬೆಲ್ಲು ಹೊಡೆದಾಗ ಸುಶಮೀಂದ್ರನಿಗೆ ಯಾರ ಮುಖವನ್ನೂ ನೋಡುವುದು ಬೇಡವಾಗಿತ್ತು. ಡಬ್ಬಿ ಹಿಡಿದುಕೊಂಡು ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತ. ದೆವ್ವವಾಗಿಯೂ ಒಬ್ಬರನ್ನು ಅಂಜಿಸಲಾಗದವನು ಇನ್ನು ಏನಾಗಿ ಅಂಜಿಸಿಯಾನು ಎಂಬ ಯೋಚನೆಯಲ್ಲಿ ಮುಚ್ಚಳ ತೆಗೆದ.

ಅವನು ಮರೆತಿದ್ದ ಒಂದು ಸಂಗತಿಯಿತ್ತು. ಆ ಶಾಲೆಯಲ್ಲಿ ಊಟದ ಹೊತ್ತಿಗೆ ಮಾಳಿಗೆಗೆ ಯಾರೂ ಹೋಗುತ್ತಿರಲಿಲ್ಲ. ಅದು ಮಂಗಗಳ ದಾರಿ. ದಿನಾ ಇಪ್ಪತ್ತು ಮೂವತ್ತು ಮಂಗಗಳು ಬೇವಿನ ಮರದಿಂದ ಮಾಳಿಗೆಗೆ ಇಳಿದು, ಅಲ್ಲಿಂದ ಅಂಗಳಕ್ಕೆ ಹಾರಿ ಮಕ್ಕಳ ಡಬ್ಬಿ ಕಸಿಯುತ್ತಿದ್ದವು. ಪಟಾಕಿ, ಕವಣೆ, ಪ್ಲಾಸ್ಟಿಕ್ ಹುಲಿ ಎಲ್ಲ ಆಗಿತ್ತು. ಹುಲಿಯನ್ನು ಅವು ಹೊತ್ತುಕೊಂಡೇ ಹೋಗಿದ್ದವು.

ಟ್ಯಾಂಕಿನ ಆ ಬದಿಯಿಂದ ಹಿಂಡಿನ ಹಿರಿಯ ಗಂಡು ಮಂಗ, ಗಡವವೊಂದು ತಿರುಗಿ ಬಂದು, ಸುಶಮೀಂದ್ರನ ಮುಖಕ್ಕೆ ಮುಖ ಕೊಟ್ಟು ನಿಂತಿತು.

ಸುಶಮೀಂದ್ರ ಚೀರಿದ. ಹುಟ್ಟಿದಾಗಿನಿಂದ ಗಂಟಲಲ್ಲಿ ಉಳಿದಿದ್ದ ದನಿಯೆಲ್ಲ ಹೊರಬಂತು. ಎದ್ದು ನಿಂತವನ ಬಿಳಿ ಸೆರಗಿನಲ್ಲಿ ಗಾಳಿ ತುಂಬಿತು, ಚವರಿ ಕೂದಲು ನಾಲ್ಕೂ ದಿಕ್ಕಿಗೆ ಹಾರಿತು, ಉಳಿದಿದ್ದ ಒಂದು ಕೋರೆಹಲ್ಲು ಹೋಗಿ ಗಡವದ ಎದೆಗೆ ಬಡಿಯಿತು. ಗಡವ ಅವನಿಗಿಂತ ಜೋರಾಗಿ ಕಿರುಚಿ ಬೇವಿನ ಮರಕ್ಕೆ ಹಾರಿತು. ಹಿಂದೆ ಬಂದವು ಅದನ್ನು ನೋಡಿ ಹಾರಿದವು. ಐದು ನಿಮಿಷದಲ್ಲಿ ಇಡೀ ಹಿಂಡು ಕಾಂಪೌಂಡು ದಾಟಿ, ರಸ್ತೆ ದಾಟಿ, ರೈಲು ಹಳಿಯ ಕಡೆ ಓಡುತ್ತಿತ್ತು. ಅಂಗಳದಲ್ಲಿ ಮುನ್ನೂರು ಮಕ್ಕಳು ಡಬ್ಬಿ ಹಿಡಿದುಕೊಂಡು ಚಪ್ಪಾಳೆ ಹೊಡೆದರು.

ಊಟವಾದ ಮೇಲೆ ಮತ್ತೆ ಎಂಟನೇ ಕ್ಲಾಸಿಗೆ ಹೋದಾಗ ಒಂದು ಪವಾಡ ನಡೆಯಿತು. ಯಾರೂ ಮಾತಾಡಲಿಲ್ಲ. ಬೆಂಚು ಸಹ ಕಿರುಗುಟ್ಟಲಿಲ್ಲ. ಸುಶಮೀಂದ್ರ ಎದೆಯುಬ್ಬಿಸಿ ಬೋರ್ಡಿನ ತುಂಬ ಲೆಕ್ಕ ಬಿಡಿಸಿದ. ಕೊನೆಗೆ ತಡೆಯಲಾರದೆ ಕೇಳಿದ:

"ಇವತ್ತ ಯಾಕ ಇಷ್ಟು ಸುಮ್ನ ಕುಂತೀರಿ? ಅಂಜಿಕಿ ಆತೇನು?"

ಮಾನ್ಯಾ ಎದ್ದು ನಿಂತಳು. "ನಮಗಲ್ರಿ ಸರ್. ನೀವು ಭಾಳ ಅಂಜಿದ್ರಿ. ನೀವು ಚೀರಿದ್ದು ಅಂಗಳದತನಾ ಕೇಳ್ತು. ಅದಕ್ಕ ಇವತ್ತೊಂದಿನ ಸರ್‌ಗೆ ತ್ರಾಸ ಕೊಡೋದು ಬ್ಯಾಡಂತ ಎಲ್ಲಾರೂ ಮಾತಾಡ್ಕೊಂಡ್ವಿ."

ಅವನು ಚಾಕ್‌ಪೀಸು ತಿರುವುತ್ತ ನಿಂತಿದ್ದಾಗ ವಿಜಯಲಕ್ಷ್ಮಿ ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಹೊಸ ನೋಟೀಸು, ಮುಖದ ತುಂಬ ನಗೆ.

"ನಾ ತಪ್ಪು ತಿಳಕೊಂಡಿದ್ದೆ ಸರ್. ನಿಮ್ಮಂಥೋರು ಶಾಲಿಗೆ ಬೇಕು. ಸೋಮವಾರದಿಂದ ದಿನಾ ಊಟದ ಹೊತ್ತಿನಾಗ ಮಾಳಿಗಿ ಡ್ಯೂಟಿ ನಿಮ್ದೇ. ಇದೇ ಸೀರಿ, ಇದೇ ಕೂದಲ. ಏನೂ ಬದಲು ಮಾಡಬ್ಯಾಡ್ರಿ."

ಅವರು ಹೋದ ಮೇಲೆ ಕ್ಲಾಸಿನಲ್ಲಿ ಪಿಸುಪಿಸು ಎದ್ದಿತು. ಬೆಂಚಿನಿಂದ ಬೆಂಚಿಗೆ ಏನೋ ಮಾತು ಹರಿದು ಮುಂದೆ ಬಂತು. ಮಾನ್ಯಾಳೇ ಅದನ್ನು ಹೇಳಿದಳು.

"ಸರ್, ನಾವೂ ದಿನಾ ಡಬ್ಬಿ ತಗೊಂಡು ಮ್ಯಾಲ ಬರ್ತೀವಿ. ನಿಮಗೊಬ್ರಿಗೇ ಅಂಜಿಕಿ ಆಗ್ತದ."

ಸುಶಮೀಂದ್ರ ಬೇಡ ಅನ್ನಲಿಲ್ಲ. ಮಾಳಿಗೆಯಲ್ಲಿ ನೆರಳು ಎಷ್ಟು ಜನಕ್ಕೆ ಸಾಲುತ್ತದೆ ಎಂದು ಬೋರ್ಡಿನ ಮೂಲೆಯಲ್ಲಿ ಲೆಕ್ಕ ಹಾಕತೊಡಗಿದ.