ಬಲ ಹಿಂಬದಿಯ ಸ್ಪೀಕರ್

ಈ ಭೂಮಿಯ ಮೇಲೆ ಸ್ಪೀಕರ್ ಆರಿಸಲು ಬಲ್ಲ ಹೆಂಗಸು ಯಾರಾದರೂ ಇದ್ದರೆ ಅದು ನಾನೇ ಎಂದು ಕಳೆದ ಸೆಪ್ಟೆಂಬರಿನಲ್ಲಿ ಊರಿಗೆಲ್ಲ ಕೇಳುವಂತೆ ಸಾರಿದ್ದೆ. ನವೆಂಬರಿನಲ್ಲಿ ಅವೇ ಸ್ಪೀಕರುಗಳು ನನ್ನನ್ನು ಊರಿಗೆಲ್ಲ ಕೇಳುವಂತೆ ಸಾರಿದವು!

ನನಗೂ ಕಾರಣವಿತ್ತು. ಜನವರಿಯಲ್ಲಿ ನಮ್ಮತ್ತೆ ಡೀಲಿಯಾ ತೀರಿಕೊಂಡ ಮೇಲೆ ನನ್ನ ಗಂಡ ಮಲಾಕಿ ಮಾತು ಬಿಟ್ಟಿದ್ದ. ಜಗಳವಾಡಿ ಬಿಟ್ಟಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಇವನು ನಲ್ಲಿ ತಿರುಗಿಸಿದ ಹಾಗೆ ನಿಲ್ಲಿಸಿಬಿಟ್ಟ. ಸಂಜೆ ದನಗಳಿಗೆ ಮೇವು ಹಾಕಿ ಬಂದವನು ಟೀವಿಯ ದನಿ ಪೂರ್ತಿ ಇಳಿಸಿ, ಬರೀ ಬಾಯಿ ಆಡಿಸುವ ಮನುಷ್ಯರನ್ನು ನೋಡುತ್ತ ಕೂರುತ್ತಿದ್ದ. ಹೊರಗೆ ಲೀಟ್ರಿಮ್ ಜಿಲ್ಲೆಯ ಮುಗಿಯದ ಮಳೆ, ಒಳಗೆ ಮುಗಿಯದ ಮೌನ, ಎರಡರ ನಡುವೆ ಟೀ ಕೆಟಲ್ ಹಿಡಿದ ನಾನು. ಈ ಮನೆಯಲ್ಲಿ ಸದ್ದು ತುಂಬಿಸದಿದ್ದರೆ ನನ್ನ ಹೆಸರು ಅಟ್ರಾಕ್ಟಾ ಅಲ್ಲ ಎಂದು ಪಣ ತೊಟ್ಟೆ.

ಪೇಟೆಯ ಅಂಗಡಿಯವನು ನನ್ನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿದ. "ಮುಂದೆ ಮೂರು, ಹಿಂದೆ ಎರಡು, ನೆಲದ ಮೇಲೆ ಗುಡುಗೋಕೆ ಒಂದು ಪೆಟ್ಟಿಗೆ ಮೇಡಂ."

"ಹಿಂದೆ ಯಾಕೆ?"

"ಹಿಂದಿನಿಂದ ಮಾತಾಡೋದಕ್ಕೆ."

ಅದಕ್ಕೆ ಎರಡು ಬೇಕೇ! ನಮ್ಮ ಮನೆಯಲ್ಲಿ ಅತ್ತೆಯೊಬ್ಬಳೇ ಸಾಕಾಗಿದ್ದಳು. ಸೋಫಾದ ಹಿಂದೆ, ಬಲಗಡೆಯ ಮೂಲೆಯಲ್ಲಿ, ಹುಲ್ಲುಹಗ್ಗ ಹೆಣೆದ ತನ್ನ ಮರದ ಕುರ್ಚಿಯಲ್ಲಿ ಕೂತು, ನಾನು ದಿನವಿಡೀ ಮಾಡಿದ ತಪ್ಪುಗಳನ್ನು ಸಂಜೆ ಮಗನಿಗೆ ಒಪ್ಪಿಸುತ್ತಿದ್ದಳು. ಒಂದನ್ನೂ ಬಿಟ್ಟವಳಲ್ಲ.

ಅಂಗಡಿಯವನು ಮೊದಲ ಸೆಟ್ಟಿನಲ್ಲಿ ಬಿರುಮಳೆ ಹಾಕಿದ. "ಮಳೆಯಿಂದ ತಪ್ಪಿಸ್ಕೊಂಡು ಒಳಗೆ ಬಂದವಳಿಗೆ ಮಳೆಯನ್ನೇ ಮಾರ್ತೀಯೇನಪ್ಪ?" ಎಂದೆ. ಎರಡನೆಯದರಲ್ಲಿ ಬಾಂಬು ಸಿಡಿಸಿದ. ನನ್ನ ಕಟ್ಟಿಸಿದ ಹಲ್ಲು ಅಲುಗಾಡಿತು. "ನಂಗೆ ಪಿಸುಮಾತು ಕೇಳಿಸ್ಬೇಕು. ಈಗಿನ ಸಿನಿಮಾದವರೆಲ್ಲ ಬಾಯೊಳಗೇ ಮಾತಾಡ್ತಾರೆ" ಎಂದೆ. ಮೂರನೆಯದರಲ್ಲಿ ಯಾರೋ ಹೆಂಗಸು ಪಿಸುಗುಟ್ಟಿದಳು. ನನ್ನ ಕುತ್ತಿಗೆಯ ಕೂದಲು ಎದ್ದು ನಿಂತಿತು. ಕಿವಿಯ ಪಕ್ಕದಲ್ಲೇ ಇದ್ದಾಳೆ!

"ಇದು ಒಂದು ಉಸಿರನ್ನೂ ಬಿಡಲ್ಲ ಮೇಡಂ" ಎಂದ.

"ಇದೇ ಕೊಡು!"

ಮಾರಾಟವಾದ ಖುಷಿಗೆ, ಅಂಗಿಗೆ ಸಿಕ್ಕಿಸುವ, ತಂತಿಯಿಲ್ಲದ ಪುಟ್ಟ ಮೈಕೊಂದನ್ನೂ ಕೊಟ್ಟ. ಮನೆಯಲ್ಲಿ ನೆಂಟರು ಸೇರಿದಾಗ ಹಾಡಲಿಕ್ಕಂತೆ. ನಾಲ್ಕು ಸ್ಪೀಕರುಗಳಿಗೆ ಜಾಗ ಸಿಕ್ಕಿತು, ಗುಡುಗುವ ಪೆಟ್ಟಿಗೆ ಸೋಫಾದ ಪಕ್ಕ ಕೂತಿತು. ಬಲ ಹಿಂಬದಿಯದಕ್ಕೆ ಮಾತ್ರ ಅತ್ತೆಯ ಮೂಲೆಯೇ ಬೇಕು. ಮಲಾಕಿ ಹೊಲದಲ್ಲಿದ್ದಾಗ ಕುರ್ಚಿಯನ್ನು ಒಂದೇ ಒಂದು ಗೇಣು ಎಳೆದೆ. ಕಾಲು ಕಳಚಿತು. ಸೇರಿಸಲು ಹೋದೆ, ಕೈ ಕಳಚಿತು. ಒಳಗೆಲ್ಲ ಹುಳು ತಿಂದಿತ್ತು. ಹತ್ತು ನಿಮಿಷದಲ್ಲಿ ಕುರ್ಚಿ ಹೋಗಿ ಸೌದೆಯಾಯಿತು, ಗಾಬರಿಯಲ್ಲಿ ಆ ಸೌದೆಯನ್ನು ಒಲೆಗೆ ತುಂಬಿದೆ. ಸಂಜೆ ಮಲಾಕಿ ಬಂದು ಕೈ ಕಾಯಿಸಿಕೊಳ್ಳುತ್ತ, "ಇವತ್ತು ಬೆಂಕಿ ಚೆನ್ನಾಗಿದೆ" ಎಂದ. ಒಂದು ವಾರದಲ್ಲಿ ಅವನಾಡಿದ ಮೊದಲ ಮಾತು!

ಎರಡನೆಯದು ಮೂಲೆಯತ್ತ ನೋಡಿ. "ಅಮ್ಮನ ಕುರ್ಚಿ ಎಲ್ಲಿ?"

"ಸ್ಟೇಷನ್ ಬರ್ತಿದೆಯಲ್ಲ, ಸೀಟು ಹೆಣೆಸೋಕೆ ಕೊಟ್ಟಿದೀನಿ."

ಸ್ಟೇಷನ್ ಎಂದರೆ ರೈಲಿನದಲ್ಲ, ಪೊಲೀಸರದೂ ಅಲ್ಲ. ಸರದಿಯಂತೆ ಒಬ್ಬೊಬ್ಬರ ಮನೆಗೆ ಪಾದ್ರಿ ಬಂದು ಅಕ್ಕಪಕ್ಕದವರನ್ನೆಲ್ಲ ಕೂಡಿಸಿ ಬಲಿಪೂಜೆ ಮಾಡುವುದು. ತಪ್ಪೊಪ್ಪಿಗೆ ಮಾತ್ರ ಪೊಲೀಸರಲ್ಲಿರುವಂತೆ ಇಲ್ಲೂ ಉಂಟು, ಪೆಟ್ಟಿಲ್ಲ, ಅಷ್ಟೆ.

ಅಂದಿನಿಂದ ದಿನವೂ ಅದೊಂದೇ ಪ್ರಶ್ನೆ. "ಕುರ್ಚಿ ಬಂತಾ?" ಹೆಣೆಯುವವನಿಗೆ ಜ್ವರ ಎಂದೆ. ಮುಂದಿನ ವಾರ ಅವನ ತಾಯಿಯೇ ಹೋಗಿಬಿಟ್ಟಳು ಎಂದೆ. ಮಲಾಕಿ ಎದ್ದು ಕಪ್ಪು ಟೈ ಕಟ್ಟತೊಡಗಿದ! ನಮ್ಮ ಕಡೆ ಸತ್ತವರ ಪರಿಚಯ ಇರಲೇಬೇಕೆಂದಿಲ್ಲ, ಸತ್ತಿದ್ದರೆ ಸಾಕು.

"ಮಣ್ಣು ಎಷ್ಟು ಹೊತ್ತಿಗೆ?"

"ಖಾಸಗಿಯಂತೆ. ಮನೆಯವರು ಮಾತ್ರ."

"ಖಾಸಗಿ ಮಣ್ಣಾ? ಯಾಕೆ, ಅವರೇ ಕೊಂದ್ರಾ?"

ಟೈ ಬಿಚ್ಚಿ ಮೊಳೆಗೆ ನೇತುಹಾಕಿದ. "ಪಾಪ, ಹೆಸರಾದ್ರೂ ಹೇಳು. ಅವನಿಗೂ ನನ್ನ ಹಾಗೇ ಆಯ್ತಲ್ಲ." ಹುಟ್ಟದೇ ಸತ್ತವಳಿಗೆ ಫಿಲೋಮಿನಾ ಎಂದು ನಾಮಕರಣ ಮಾಡಿದೆ. ನವೆಂಬರಿನಲ್ಲಿ ಪಾದ್ರಿಗೆ ಕೊಡುವ ಸತ್ತವರ ಪಟ್ಟಿಯಲ್ಲಿ, ತನ್ನ ತಾಯಿಯ ಹೆಸರಿನ ಕೆಳಗೆ ಮಲಾಕಿ ಅದನ್ನು ಗುಂಡಗೆ ಬರೆದ. ಅಂದು ನನಗೆ ಊಟ ಸೇರಲಿಲ್ಲ.

ಸ್ಟೇಷನ್ನಿನ ಸಂಜೆ ಹತ್ತೊಂಬತ್ತು ಜನ, ಹತ್ತೊಂಬತ್ತು ಒದ್ದೆ ಕೋಟು. ಫಾದರ್ ಗಿಲ್‌ಹೂಲಿಯವರಿಗೆ ಗಂಟಲಿನ ಆಪರೇಷನ್ ಆಗಿ, ದನಿ ಒದ್ದೆ ಬೆಂಕಿಕಡ್ಡಿ ಗೀರಿದ ಹಾಗಿತ್ತು. ನನ್ನ ಘನತೆ ಮೆರೆಸಲು ಇದಕ್ಕಿಂತ ಒಳ್ಳೆಯ ಸಮಯವುಂಟೆ? ಪುಟ್ಟ ಮೈಕನ್ನು ಅವರ ಎದೆಗೆ ನಾನೇ ಸಿಕ್ಕಿಸಿದೆ. ಗುಂಡಿ ನಾನೇ ಒತ್ತಿದೆ. ಹಸಿರು ದೀಪ ಹತ್ತಿದ್ದನ್ನು ನಾನೇ ಕಣ್ಣಾರೆ ಕಂಡೆ.

"ಮೊದಲು ಪಾಪನಿವೇದನೆ ಮುಗಿಸೋಣ" ಎಂದರು ಫಾದರ್. "ಮನೆಯೊಡತಿಯಿಂದಲೇ ಶುರುವಾಗ್ಲಿ."

ಹಿಂದಿನ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ದಪ್ಪ ಕಲ್ಲಿನ ಗೋಡೆ, ತಗಡಿನ ಸೂರಿನ ಮೇಲೆ ಮಳೆಯ ಅಬ್ಬರ. ನಾನು ಅವರ ಎದೆಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ. ಆಚೆ ಏನೋ ಗುನುಗು ಕೇಳಿಸಿತು. ಜಪಸರ ಶುರುಮಾಡಿದರು, ಭಕ್ತರು, ಅಂದುಕೊಂಡೆ.

"ಪಕ್ಕದ ಮನೆ ಕನ್ಸೆಪ್ಟಾ ಕೊಟ್ಟ ಕೇಕನ್ನ ನಾಯಿಗೆ ಹಾಕಿದೆ ಫಾದರ್. ನಾಯಿ ಅದನ್ನ ತೋಟದಲ್ಲಿ ಹೂತು ಬಂತು."

"ಹ್ಞೂಂ. ಮುಂದೆ?"

"ನಮ್ಮತ್ತೆ ಕುರ್ಚಿ ಸುಟ್ಟುಹಾಕಿದೆ. ಆ ಬೆಂಕೀಲಿ ಅವಳ ಮಗ ಕೈ ಕಾಯಿಸ್ಕೊಂಡ."

ಫಾದರ್ ಕಣ್ಣು ಬಿಟ್ಟರು. "ಸೀಟು ಹೆಣೆಯೋಕೆ ಹೋಗಿದೆ ಅಂದ್ನಲ್ಲ ಮಲಾಕಿ! ಹೆಣೆಯೋನ ತಾಯಿ ಫಿಲೋಮಿನಾ, ನನ್ನ ಪಟ್ಟೀಲಿದ್ದಾಳೆ!"

"ಅವಳು ಹುಟ್ಟೇ ಇಲ್ಲ ಫಾದರ್."

"ಅಯ್ಯೋ ಮಗಳೇ, ಗಂಡನಿಗೆ ಹೇಳಿಬಿಡಬಾರದಾ?"

"ಹತ್ತು ತಿಂಗಳಿಂದ ಅವನು ಮಾತೇ ಆಡ್ತಿಲ್ಲ. ದಿನಕ್ಕೊಂದ್ಸಲ 'ಕುರ್ಚಿ ಬಂತಾ' ಅಂತ ಕೇಳ್ತಾನಲ್ಲ, ನಿಜ ಹೇಳಿದ್ರೆ ಅದೂ ನಿಂತುಹೋಗುತ್ತೆ."

ಫಾದರ್ ನನ್ನ ತಲೆಯ ಮೇಲೆ ಕೈಯಿಟ್ಟು, "ಇವತ್ತೇ ಅವನಿಗೆ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ" ಎಂದರು.

ಹಗುರಾದ ಎದೆಯಿಂದ ಬಾಗಿಲು ತೆರೆದೆ. ಯಾರೂ ಜಪಿಸುತ್ತಿರಲಿಲ್ಲ. ಹತ್ತೊಂಬತ್ತು ಜನ ತಂತಮ್ಮ ಬೂಟುಗಳನ್ನು ಅಧ್ಯಯನ ಮಾಡುತ್ತಿದ್ದರು. ಕನ್ಸೆಪ್ಟಾ ತಾನು ತಂದ ಕೇಕನ್ನು ಮೇಜಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಏನಾಯ್ತು?" ಎಂದೆ.

"ಏನಾಯ್ತು?" ಎಂದವು ಐದು ದಿಕ್ಕುಗಳು, ನನ್ನದೇ ದನಿಯಲ್ಲಿ.

ಒಂದು ಉಸಿರನ್ನೂ ಬಿಟ್ಟಿರಲಿಲ್ಲ. ಎಂಥಾ ಆಯ್ಕೆ ನನ್ನದು!

ಫಾದರ್ ಮೈಕು ಕಿತ್ತು ಜೇಬಿಗೆ ಹಾಕಿ, ಯಾರಿಗೂ ಕೇಳಿಸದ ಪೂಜೆ ಮುಗಿಸಿದರು. ಸತ್ತವರ ಪಟ್ಟಿ ಓದುವಾಗ ಡೀಲಿಯಾಳ ಹೆಸರಾದ ಮೇಲೆ ಒಮ್ಮೆ ಕೆಮ್ಮಿ ಮುಂದಕ್ಕೆ ಹೋದರು. ಆ ಕೆಮ್ಮಿಗೂ ಯಾರೋ ಆಮೆನ್ ಅಂದರು. ಟೀ ಹೊತ್ತಿಗೆ ಕನ್ಸೆಪ್ಟಾ ಬಂದು, "ನಾಯಿ ಎಲ್ಲಿ ಅಟ್ರಾಕ್ಟಾ? ಇದನ್ನ ಹೂಳೋಕೆ ಕರಿ. ಖಾಸಗಿಯಾಗೇ ಆಗ್ಲಿ" ಎಂದಳು.

ಎಲ್ಲರೂ ಹೋದ ಮೇಲೆ ಲೋಟಗಳು, ಒದ್ದೆ ನೆಲ, ನಾನು, ಅವನು ಉಳಿದೆವು. ಮಲಾಕಿ ಮೂಲೆಯಲ್ಲಿ ಬಲ ಹಿಂಬದಿಯ ಸ್ಪೀಕರಿನ ಮುಂದೆ ನಿಂತಿದ್ದ.

"ಬೈದುಬಿಡು ಮಾರಾಯ" ಎಂದೆ. "ಅಷ್ಟಾದ್ರೂ ಮಾಡು."

ಅವನು ಸ್ಪೀಕರಿನ ತಲೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಐದರಲ್ಲೂ ಬಂತು. ಆದ್ರೆ ಇದ್ರಲ್ಲೇ ಚೆನ್ನಾಗಿ ಕೇಳಿಸ್ತು. ಅಮ್ಮನ ಮೂಲೆಯಿಂದ, ನೀನು ಮಾಡಿದ ತಪ್ಪೆಲ್ಲ, ಒಂದೂ ಬಿಡದೆ." ಹತ್ತು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದ.

"ಇದನ್ನ ಮಾತ್ರ ಸುಡಬೇಡ."