ಮೇಸ್ತ್ರಿಗಳ ಮೆಟ್ಟಿಲಲ್ಲಿ ಸಿಕ್ಕಿಕೊಂಡ ಸ್ಟ್ರೆಚರ್

"ಸಂಜೆಯೊಳಗೆ ಇವಳನ್ನ ನಾಯಕಿ ಮಾಡದಿದ್ರೆ ನನ್ನನ್ನ ಯಾರೂ ಮೇಸ್ತ್ರಿ ಅಂತ ಕರೀಬೇಡಿ!"

ಮೇಸ್ತ್ರಿಗಳ ಘೋಷಣೆ ಬೀದಿಯ ಕೊನೆಯವರೆಗೂ ಕೇಳಿಸಿತು. ನಲವತ್ತು ವರ್ಷ ಕಟ್ಟಡ ಕಟ್ಟಿಸಿದ ಗಂಟಲು ಅದು. ಕೆಳಗೆ ನಿಂತು ಗದರಿದರೆ ನಾಲ್ಕನೇ ಮಹಡಿಯಲ್ಲಿದ್ದವನ ಕೈಯಿಂದ ಕರಣೆ ಜಾರುತ್ತಿತ್ತು. ಅಂಥವರ ಮೊಮ್ಮಗಳ ದನಿಯೋ, ಪಕ್ಕದಲ್ಲಿ ಕೂತವರಿಗೂ ಮುಟ್ಟದು.

ಹದಿಮೂರರ ಆ ಹುಡುಗಿಗೆ ಮಕ್ಕಳ ಕಾಡು ಶಿಬಿರಕ್ಕೆ ಹೋಗುವ ಹಂಬಲ. ಗುಡಾರ ಹಾಕುವುದು, ನೀರು ಹುಡುಕುವುದು, ಗಾಯಾಳುವನ್ನು ಹೊರುವುದು ಎಲ್ಲ ಅಲ್ಲಿ ಕಲಿಸುತ್ತಾರೆ. ಅರ್ಜಿಯಲ್ಲಿ ಒಂದೇ ಸಾಲು ಖಾಲಿ: 'ಈ ಮಗು ತಂಡವನ್ನು ಮುನ್ನಡೆಸಬಲ್ಲದೇ? ಮನೆಯ ಹಿರಿಯರು ಬರೆಯಬೇಕು.' ಕಳಿಸಲು ಇವತ್ತೇ ಕೊನೆಯ ದಿನ.

"ನಾನು ಸುಳ್ಳು ಬರೆಯೋನಲ್ಲ ಪುಟ್ಟೀ. ಮೊದಲು ನಿನ್ನ ಅಪ್ಪಣೆ ನಾಲ್ಕು ಜನಕ್ಕೆ ಕೇಳ್ಲಿ, ಆಮೇಲೆ ಪೆನ್ನು!"

ಹುಡುಗಿಯ ತುಟಿ ಅಲ್ಲಾಡಿತು.

"ಏನಂದ್ಲು?"

"ಸರಿ ಅಂದ್ಲು ಕಣ್ರೀ," ಎಂದು ಅಜ್ಜಿ ದುಭಾಷಿಯಾದರು.

ತರಬೇತಿ ಶುರು! ಮೇಸ್ತ್ರಿಗಳ ಎರಡು ಅಂಗಿಗೆ ಗುಂಡಿ ಹಾಕಿ, ತೋಳುಗಳೊಳಗೆ ಎರಡು ಬಿದಿರ ಗಳ ತೂರಿಸಿ ಹುಡುಗಿ ಪುಸ್ತಕ ನೋಡಿಕೊಂಡು ಸ್ಟ್ರೆಚರ್ ಹೊಂದಿಸಿದಳು. ಗಾಯಾಳುವಾಗಿ ಅಜ್ಜಿ ಮಲಗಿದರು. ಬೀಳದಿರಲಿ ಎಂದು ಮೇಸ್ತ್ರಿಗಳು ಅವರಿಗೆ ಹಗ್ಗ ಸುತ್ತಿ, ಕಟ್ಟಡದ ಸುತ್ತ ಗಳಗಳ ಸಾರವೆ ಕಟ್ಟುವ ಗಂಟು ಬಿಗಿದರು. ಬಿರುಗಾಳಿಗೂ ಬಿಚ್ಚದ ಗಂಟು!

ಮೇಲಿನ ತುದಿಗೆ ಹುಡುಗಿಯ ಅಮ್ಮ, ಮೇಸ್ತ್ರಿಗಳ ಸೊಸೆ; ಕೆಳಗಿನ ತುದಿಗೆ ಮೇಸ್ತ್ರಿಗಳು. ಮೆರವಣಿಗೆ ಮೆಟ್ಟಿಲಿಳಿಯಿತು, ತಿರುವಿನಲ್ಲಿ ಕಚ್ಚಿಕೊಂಡಿತು. ಆ ಮೆಟ್ಟಿಲನ್ನು ಕಟ್ಟಿದ್ದೂ ಮೇಸ್ತ್ರಿಗಳೇ. ತಿರುವಿನಲ್ಲಿ ಒಂದು ಅಡಿ ಉಳಿಸಿ ಅಡುಗೆಮನೆಗೆ ಸೇರಿಸಿದ ಜಾಣತನವನ್ನು ಮನೆಗೆ ಬಂದವರಿಗೆಲ್ಲ ಬಣ್ಣಿಸುತ್ತಿದ್ದರು. ಈಗ ಆ ಒಂದು ಅಡಿ ಸೇಡು ತೀರಿಸಿಕೊಂಡಿತು!

"ಎತ್ತು! ಇಳಿಸು! ಎಡಕ್ಕೆ! ನನ್ನ ಎಡ ಅಲ್ಲ, ನಿನ್ನ ಎಡ!"

"ಮಾವ, ಎತ್ಲೋ, ಇಳಿಸ್ಲೋ? ಯಾವುದಾದ್ರೂ ಒಂದು ಹೇಳಿ!"

"ರೀ, ನನ್ನನ್ನ..." ಎಂದರು ಅಜ್ಜಿ.

"ನೀನು ಸುಮ್ನಿರು, ನಿನಗೆ ಗಾಯ ಆಗಿದೆ!"

ಗದ್ದಲ ಕೇಳಿ ಕೆಳಮನೆಯ ಟೈಲರ್ ಕೈಯಲ್ಲಿದ್ದ ಕತ್ತರಿ ಸಮೇತ ಓಡಿಬಂದ. "ಅಯ್ಯೋ, ಅಮ್ಮಾವ್ರಿಗೆ ಏನಾಯ್ತು? ಯಾವ ಆಸ್ಪತ್ರೆ?"

"ಏನೂ ಆಗಿಲ್ಲ, ಅಭ್ಯಾಸ!"

"ಇನ್ನೊಂದು ಗಳಿಗೆ ಹೀಗೇ ಅಭ್ಯಾಸ ಮಾಡಿದ್ರೆ ಆಸ್ಪತ್ರೆಗೇ!" ಎಂದರು ಅಜ್ಜಿ.

ಟಪ್! ಅಂಗಿಯ ಗುಂಡಿಯೊಂದು ಹಾರಿ ಮೇಸ್ತ್ರಿಗಳ ಮೂಗಿಗೆ ಬಡಿಯಿತು. ಅಜ್ಜಿ ಅರ್ಧ ಗೇಣು ಕೆಳಗೆ ಜಗ್ಗಿದರು. ಮೇಸ್ತ್ರಿಗಳ ತೋಳು ನಡುಗತೊಡಗಿತು. ತಿರುವಿನ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದ ಹುಡುಗಿಯ ತುಟಿ ಅಲ್ಲಾಡುವುದು ಆಗ ಅವರ ಕಣ್ಣಿಗೆ ಬಿತ್ತು.

"ಮಗು ಏನೋ ಹೇಳ್ತಿದೆ! ಎಲ್ಲಾರೂ ಬಾಯಿ ಮುಚ್ಚಿ! ಮುಚ್ಚಿ ಅಂದೆ! ಯಾರದು ಇನ್ನೂ ಕೂಗ್ತಿರೋದು?"

"ನೀವೇ!" ಎಂದರು ಮೂವರೂ.

ಮೇಸ್ತ್ರಿಗಳು ಬಾಯಿ ಮುಚ್ಚಿದರು. ಮನೆ ಕಟ್ಟಿದ ದಿನದಿಂದ ಆ ಮೆಟ್ಟಿಲು ಅಂಥ ನಿಶ್ಶಬ್ದವನ್ನು ಕೇಳಿರಲಿಲ್ಲ.

"ಅಮ್ಮ, ಅಲ್ಲೇ ಮೆಟ್ಟಿಲ ಮೇಲೆ ಇಡು," ಎಂದಳು ಹುಡುಗಿ, ಅದೇ ಸಣ್ಣ ದನಿಯಲ್ಲಿ. "ತಾತ, ನೀವೂ ನಿಧಾನವಾಗಿ ಇಡಿ. ಟೈಲರ್ ಮಾಮ, ಹಗ್ಗ ಕತ್ತರಿಸಿ. ಅಜ್ಜಿ ಕಾಲು ಚೆನ್ನಾಗೇ ಇದೆ, ಎದ್ದು ನಡ್ಕೊಂಡು ಬರ್ತಾರೆ."

"ಅದನ್ನೇ ಅಲ್ವಾ ನಾನು ಆಗಿಂದ ಹೇಳೋಕೆ ಹೊರಟಿದ್ದು!" ಎಂದರು ಅಜ್ಜಿ.

"ಆದ್ರೆ ನನ್ನ ಗಂಟು..."

"ತಾತ."

ಅಷ್ಟೇ. ನಾಲ್ಕು ಮಹಡಿ ನಡುಗಿಸಿದವರು ತೆಪ್ಪಗೆ ಸ್ಟ್ರೆಚರ್ ಇಳಿಸಿದರು. ಟೈಲರ್ ಹಗ್ಗ ಕತ್ತರಿಸಿದ. ಅಜ್ಜಿ ಎದ್ದು ಕೂದಲು ಸರಿಮಾಡಿಕೊಂಡು, ಗಂಡನನ್ನು ದಾಟಿಕೊಂಡು ಕೆಳಗಿಳಿದರು.

ಸಂಜೆ ಮೇಸ್ತ್ರಿಗಳು ಮೂಗಿಗೆ ಮುಲಾಮು ಹಚ್ಚಿಕೊಂಡು ಪೆನ್ನು ಹಿಡಿದರು. ಹುಡುಗಿ ಬಾಗಿಲ ಮರೆಯಿಂದ ಇಣುಕುತ್ತಿದ್ದಳು.

'ಇವಳ ದನಿ ಬಲು ಸಣ್ಣದು. ಕೇಳಬೇಕಾದರೆ ಉಳಿದವರು ಬಾಯಿ ಮುಚ್ಚಬೇಕು. ಇವಳು ಮುಚ್ಚಿಸಬಲ್ಲಳು.'

ಅಜ್ಜಿ ಓದಿದರು. ಪೆನ್ನು ಇಸಿದುಕೊಂಡು ಕೆಳಗೆ ತಾವೂ ಒಂದು ಸಾಲು ಸೇರಿಸಿದರು:

'ನಿಜ. ಸಾಕ್ಷಿ: ಸ್ಟ್ರೆಚರಿನ ಮೇಲಿದ್ದವಳು.'