ನಾನು ನೀರು ಕಾದದ್ದು

ನಮ್ಮತ್ತೆಯನ್ನು ಮೊದಲ ಸಲ ನೋಡಿದಾಗ ಕಣ್ಣಲ್ಲೇ ತೂಗಿದ್ದೆ. ಎತ್ತರ ಸಾಲದು, ಮೈಯಲ್ಲಿ ಮಾಂಸವಿಲ್ಲ, ಕನ್ನಡಕದ ಒಂದು ಕಡ್ಡಿಗೆ ದಾರದ ಆಸರೆ, ಮಾತು ದಿನಕ್ಕೆ ಹತ್ತು. ಅಂಗಡಿಯ ಸರಕಾಗಿದ್ದರೆ ಹಿಂದಿನ ಕಪಾಟಿಗೆ ಸೇರಿಸುತ್ತಿದ್ದೆ. (ಮಗಳನ್ನು ಕೊಟ್ಟವರು ಅಂತ ಮುಂದಿನ ಸಾಲಿನಲ್ಲಿಟ್ಟೆ.) ನಾನು ಪಾತ್ರೆ ವ್ಯಾಪಾರಿ. ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಲೋಹದ ಜಾತಕ ಹೇಳುವವನು. ಆದರೆ ಪಾತ್ರೆ ಬಲ್ಲವನಿಗೆಲ್ಲ ಪಾತ್ರಾಪಾತ್ರ ವಿವೇಚನೆ ಇರುತ್ತದೆ ಅಂತ ಯಾರು ಹೇಳಿದ್ದು?

ಆಗ ನಮ್ಮ ಮಗಳಿಗೆ ಏಳು ತಿಂಗಳು, ಅತ್ತೆಯೂ ನಮ್ಮ ಜೊತೆಗೇ ಇದ್ದರು. ಮಗಳು ಬಾಟಲಿಯ ಪುಡಿಹಾಲಿನ ಮಹಾರಾಣಿ. ಆ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರನ್ನು ಹೊರಗೇ ಬಿಟ್ಟು ಬರಬೇಕು. ಆದರೂ ಅಲ್ಲಿದ್ದ ಗದ್ದಲ ಈಗಿನ ದೊಡ್ಡ ಮನೆಯಲ್ಲಿ ಹುಡುಕಿದರೂ ಸಿಗದು. ಒಂದು ಬೆಳಗ್ಗೆ ಬಾಗಿಲ ಸಂದಿಯಿಂದ ಚೀಟಿ ಬಂತು: ದೊಡ್ಡ ಕೊಳವೆ ಒಡೆದು ಕೊಳೆ ಸೇರಿದೆ, ನಲ್ಲಿ ನೀರನ್ನು ಕುದಿಸದೆ ಕುಡಿಯಬಾರದು.

ಆ ಕ್ಷಣವೇ ನಾನು ಗೃಹ ಜಲರಕ್ಷಣಾ ಮಹಾಮಂಡಲಾಧಿಪತಿಯಾದೆ. "ಇವತ್ತಿಂದ ನನ್ನ ಅಪ್ಪಣೆ ಇಲ್ದೆ ಯಾರೂ ನಲ್ಲಿ ಮುಟ್ಟಕೂಡ್ದು!"

"ಅಪ್ಪಣೆ ಆಮೇಲೆ ಕೊಡ್ರೀ," ಅಂದಳು ಹೆಂಡತಿ. ಅಂಗಡಿಯಿಂದ ತಂದ ದಪ್ಪ ತಳದ ಪಾತ್ರೆಗೆ ನೀರು ತುಂಬಿ, ಮುಚ್ಚಿ, ಒಲೆಯ ಮೇಲಿಟ್ಟಳು. "ನೀರು ಕಾಯಿಸ್ರೀ. ನಾನು ಪಾಪೂಗೆ ಮೈ ಒರೆಸಿ ಬರ್ತೀನಿ."

ಅಧಿಕಾರ ಹೊಕ್ಕ ಕಿವಿಗೆ ಕೇಳಿಸಿದ್ದು 'ನೀರು ಕಾಯ್ರೀ' ಎಂದು. ಕಾಯದೆ ಬಿಡುತ್ತೇನೆಯೇ? ಸ್ಟೂಲು ಎಳೆದು, ಒಲೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ, ಸೌಟು ಹಿಡಿದು ಕೂತೆ. (ಯಾವ ಕಾವಲುಗಾರನೂ ಖಜಾನೆಗೆ ಮುಖ ಮಾಡಿ ಕೂರುವುದಿಲ್ಲ.)

"ಅಳಿಯಂದ್ರೇ, ನೀರು ಕಾಯ್ತಾ?" ನಡುಮನೆಯಿಂದ ಅತ್ತೆ ಕೇಳಿದರು.

"ಕಾಯ್ತಾನೇ ಇದೀನಿ ಅತ್ತೆ!" ಕೊನೆಯ ಪದಗಳು ಮಗುವಿನ ಅಳುವಿನಲ್ಲಿ ಮುಳುಗಿದವು.

ಅರ್ಧ ಗಂಟೆಗೆ ಹೆಂಡತಿ ಬಂದಳು. "ಕಾದಿದ್ದಾಯ್ತಾ?"

"ಅರ್ಧ ಗಂಟೆ ಕಾದಿದ್ದಾಯ್ತು!"

ಪಾತ್ರೆ ಮುಟ್ಟಿ ನೋಡಿದಳು. "ಪರವಾಗಿಲ್ವೇ, ಆರಿಸಿಯೂ ಇಟ್ಟಿದೀರಾ!"

ಮದುವೆಯಾದ ಮೇಲೆ ಸಿಕ್ಕ ಮೊದಲ ಹೊಗಳಿಕೆ. ಯಾಕೆಂದು ಕೇಳದೆ ಜೇಬಿಗಿಳಿಸಿದೆ.

ಆ ನೀರಿಗೆ ಹಾಲಿನ ಪುಡಿ ಬೆರೆತು ಬಾಟಲಿ ತುಂಬಿತು. ಮಗು ಬಾಯಿ ತೆರೆಯಿತು. ಅಷ್ಟರಲ್ಲಿ ಅತ್ತೆ ಬಂದು ಪಾತ್ರೆಯ ಮುಚ್ಚಳ ತೆಗೆದು ತಿರುವಿ ನೋಡಿದರು.

"ಕೊಡ್ಬೇಡ! ಕುದ್ದ ನೀರಿನ ಮುಚ್ಚಳ ಅಳ್ತಿರುತ್ತೆ ಕಣೇ. ಇದರ ಕಣ್ಣಲ್ಲಿ ಒಂದು ಹನಿ ಇಲ್ಲ."

ಹೆಂಡತಿ ಬಾಟಲಿಯನ್ನು ಸರಕ್ಕನೆ ಹಿಂದೆಳೆದಳು. "ರೀ, ಒಲೆ ಹಚ್ಚಿದ್ರಾ?"

"ನೀನು 'ಕಾಯ್ರೀ' ಅಂದೆ. 'ಹಚ್ರೀ' ಅಂದ್ಯಾ?"

"ಅಯ್ಯೋ, ಈ ಮನೇಲಿ ಈಗ ಕುದೀತಾ ಇರೋಳು ನಾನೊಬ್ಬಳೇ!"

ಅತ್ತೆ ಬೈಯಲಿಲ್ಲ. ಹಾಲು ಚೆಲ್ಲಿ, ಬಾಟಲಿಯನ್ನು ಬೇರೆ ಪಾತ್ರೆಯಲ್ಲಿ ಕುದಿಯಲಿಟ್ಟು, ನೀರಿನ ಒಲೆ ಹಚ್ಚಿದರು. ಕೊತಕೊತ ಕುದಿ ಬಂದ ಮೇಲೂ ಗಡಿಯಾರ ನೋಡುತ್ತಾ ನಿಂತು, ಆಮೇಲೆ ಇಳಿಸಿ, ಮುಚ್ಚಿ ಆರಲು ಬಿಟ್ಟರು. ಮಗು ಸೂರು ಹಾರಿಹೋಗುವಂತೆ ಅಳುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಬೇಗ ಆರಲಿ, ಸ್ವಲ್ಪ ನಲ್ಲಿ ನೀರು ಬೆರೆಸ್ಲಾ?"

ತಾಯಿ ಮಗಳು ಒಟ್ಟಿಗೆ ನನ್ನತ್ತ ತಿರುಗಿದರು. ಅತ್ತೆ ಪಾತ್ರೆಯನ್ನು ಥೇಟ್ ನನ್ನ ಹಾಗೆಯೇ ಬೆರಳಲ್ಲಿ ತಟ್ಟಿದರು. "ಪಾತ್ರೆ ಗಟ್ಟಿ ಇದೆ ಅಳಿಯಂದ್ರೇ." ಆಮೇಲೆ ನನ್ನ ತಲೆಯನ್ನೊಮ್ಮೆ ನೋಡಿದರು. "ತಟ್ಟಿ ನೋಡ್ಬೇಕಾದ್ದು ಬೇರೆ ಇದೆ."

ಆ ದಿನದ ಹತ್ತು ಮಾತು ಅಲ್ಲಿಗೆ ಮುಗಿದವು.

ನಾಲ್ಕು ದಿನ ಅವರು ಒಲೆ ಬಿಟ್ಟು ಕದಲಲಿಲ್ಲ. ಆ ವಾರ ನಮ್ಮ ಬೀದಿಯ ಮೂರು ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದವು. ನಮ್ಮದು ಸೇರಲಿಲ್ಲ.

ಅತ್ತೆ ಈಗಿಲ್ಲ. ಅಂಗಡಿಯಲ್ಲಿ ಪಾತ್ರೆ ಮಾರುವಾಗ ಇಂದಿಗೂ ಮುಚ್ಚಳ ತಿರುವಿ ನೋಡುತ್ತೇನೆ. ಬಿರುಕು ಹುಡುಕುತ್ತಿದ್ದಾನೆ ಅಂದುಕೊಂಡು ಗಿರಾಕಿಗಳು ಮೆಚ್ಚುತ್ತಾರೆ. ಅತ್ತೆ ಇದ್ದಾಗಲೇ ಹೇಳಬೇಕಿದ್ದ ಮಾತು ಒಂದಿತ್ತು, ಹೇಳಲಿಲ್ಲ. ನಾನು ಕಾದದ್ದು ನೀರನ್ನು. ನನ್ನ ಮಗಳನ್ನು ಕಾದವರು ಅವರು.